ನಾಲ್ಕು ಪೆನ್ನು

ನನ್ನ ಫೆರಿಗೆ ದಾರಿ ತಪ್ಪುವ ಭಯವಿಲ್ಲ.
ಒಂಬೈನೂರು ಮೀಟರ್ ಸಮುದ್ರ, ಅದರೊಳಗೊಂದು ಉಕ್ಕಿನ ಹಗ್ಗ,
ಈ ದಡದಿಂದ ಆ ದಡ, ಆ ದಡದಿಂದ ಈ ದಡ.
ಇಪ್ಪತ್ತಾರು ವರ್ಷಕ್ಕೆ ಲೆಕ್ಕ ಹಾಕಿದರೆ
ಭೂಮಿಗೆ ನಾಲ್ಕು ಸುತ್ತಾದರೂ ಬಂದಿರಬಹುದು,
ತುರ್ಕು ದಾಟಿ ಹೋದವನಲ್ಲ.

ಗುರುವಾರ. ಆರೋಗ್ಯ ಕೇಂದ್ರದ ಕೊನೆಯ ಕೋಣೆ.
ಗೋಡೆಗೆ ಪಾದದ ಚಿತ್ರ, ಕಣ್ಣಿನ ಚಿತ್ರ,
ಹೃದಯವೂ ಇತ್ತು, ರಕ್ತನಾಳದ ಸಮೇತ.
ಎದುರಿಗೆ ಸೆನ್ಯಾ, ನನ್ನ ಮಗಳಿಗಿಂತ ಚಿಕ್ಕವಳು,
ಒಂದು ಕಾಲಿಗೆ ನೀಲಿ, ಇನ್ನೊಂದಕ್ಕೆ ಬೂದು ಉಣ್ಣೆಯ ಕಾಲುಚೀಲ.
ಸಕ್ಕರೆ ಎಷ್ಟು ಅಂತ ಕೇಳಲಿಲ್ಲ.
ಹದಿಮೂರು ವರ್ಷದಲ್ಲಿ ಮೊದಲ ಸಲ
ನನ್ನ ಮುಂದೆ ಕೂತವರೊಬ್ಬರು ಸಕ್ಕರೆ ಎಷ್ಟು ಅಂತ ಕೇಳಲಿಲ್ಲ.

“ಮೀಟರಿನಲ್ಲಿ ಹದಿನಾಲ್ಕು ಅಂತ ಬಂದಾಗ, ರೌನೊ,
ಒಳಗೆ ಯಾರು ಮಾತಾಡುತ್ತಾರೆ?”

ಯಾರೂ ಇಲ್ಲ ಅಂದೆ. ನಮ್ಮ ದ್ವೀಪದಲ್ಲಿ ಮಾತು ಕಡಿಮೆ.
ಅವಳೂ ಸುಮ್ಮನಿದ್ದಳು.
ಸುಮ್ಮನಿರುವುದರಲ್ಲಿ ನನ್ನನ್ನು ಸೋಲಿಸಿದವರು ಇನ್ನೂ ಕಡಿಮೆ.
ರೇಡಿಯೇಟರ್ ಟಿಕ್ ಎಂದಿತು, ಎರಡು ಸಲ.
ಆಮೇಲೆ ನನ್ನ ಬಾಯಿಂದ ಬಂದದ್ದು ಅಪ್ಪನ ದನಿ:
ಕಟ್ಟಿಗೆ ಮನೆಯಲ್ಲಿ, ನಾನು ಸೊಟ್ಟಗೆ ಸೀಳಿದ ಬರ್ಚ್ ತುಂಡನ್ನು
ಬೂಟುಗಾಲಲ್ಲಿ ಹೊರಳಿಸುತ್ತ,
“ಇಷ್ಟೂ ಬರೋದಿಲ್ವಾ ನಿನಗೆ?”

ಅವನು ಸತ್ತು ಮೂವತ್ತು ವರ್ಷ.
ಬೆರಳ ತುದಿಯ ಒಂದು ಹನಿಯಿಂದ
ದಿನಕ್ಕೆ ನಾಲ್ಕು ಸಲ ಎದ್ದು ಬರುತ್ತಾನೆ.

ಸೆನ್ಯಾ ಕಳ್ಳ ಅನ್ನಲಿಲ್ಲ,
ಕುಂಬಳಕಾಯಿಯ ಮಾತೇ ಎತ್ತಲಿಲ್ಲ,
ನಾನೇ ಹೆಗಲು ಮುಟ್ಟಿ ನೋಡಿಕೊಂಡೆ.
ಹಸಿರು ರಟ್ಟಿನ ಪುಸ್ತಕ ಮೇಜಿನ ಮೇಲಿಟ್ಟು ಹೇಳಿದೆ, ಇದೆಲ್ಲ ಸುಳ್ಳು.
ಆರು ಪಾಯಿಂಟ್ ಎರಡು, ಏಳು ಪಾಯಿಂಟ್ ಒಂದು,
ನರ್ಸ್ ಭೇಟಿಯ ಹಿಂದಿನ ರಾತ್ರಿ
ಅಡುಗೆಮನೆಯಲ್ಲಿ ಒಂದೇ ಕೂತಿನಲ್ಲಿ ಬರೆದ ಮೂರು ತಿಂಗಳು.
ನಂಬಿಕೆ ಬರಲಿ ಅಂತ ನಡುನಡುವೆ ಒಂಬತ್ತು.
ಮಾರ್ಚ್ ಪುಟಕ್ಕೆ ಕಾಫಿ ಚೆಲ್ಲಿದ್ದು ಬೇಕೆಂದೇ.
ರಕ್ತಪರೀಕ್ಷೆ ಬೇರೆಯೇ ಹೇಳುತ್ತಿತ್ತು;
ನರ್ಸ್ ಅದನ್ನೂ ಇದನ್ನೂ ನೋಡಿ ನಿಟ್ಟುಸಿರಿಟ್ಟು
ಇನ್ಸುಲಿನ್ ಎರಡು ಯೂನಿಟ್ ಏರಿಸುತ್ತಿದ್ದಳು.

“ಎಷ್ಟು ಪೆನ್ನು?”
ನಾಲ್ಕು. ಅದರಲ್ಲೊಂದು ಸರಿಯಾಗಿ ಬರೆಯದ್ದು.

ನಕ್ಕಳು. ನಾನೂ.
ಆ ಕೋಣೆಯಲ್ಲಿ ನಗಬಹುದು ಅಂತ ಗೊತ್ತಿರಲಿಲ್ಲ.
ನಡುವೆ ಎಲ್ಲೋ ನನ್ನ ನಗು ಬೇರೆಯಾಯಿತು.
ಅವಳು ಟಿಶ್ಯೂ ಡಬ್ಬಿ ಇತ್ತ ಸರಿಸಿದಳು, ನನ್ನ ಕಡೆ ನೋಡದೆ,
ಊಟಕ್ಕೆ ಕೂತವರು ಉಪ್ಪು ಸರಿಸುವ ಹಾಗೆ.

ಮನೆಗೆಲಸ ಬೇರೆ ಕೊಟ್ಟಳು: ಒಂದು ಏಲಕ್ಕಿ ಬನ್ನು.
ಎಂಜಿನ್ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತು
ರುಚಿ ತಿಳಿಯುವ ಮೊದಲೇ ನುಂಗುವುದಲ್ಲ.
ಕೂತು. ಬೆಳಕಿನಲ್ಲಿ. ಸೂಜಿಯ ಲೆಕ್ಕ ಮೊದಲೇ ಮುಗಿಸಿ.

ಬಟ್ಟೆ ಸೋಪಿನ ಪುಡಿಯ ಡಬ್ಬದ ಹಿಂದೆ
ಮಾರ್ಕೆತ್ತಾ ಬನ್ನು ಬಚ್ಚಿಡುತ್ತಿದ್ದಳು, ನಾನು ಹುಡುಕುತ್ತಿದ್ದೆ,
ಇಬ್ಬರೂ ಬಾಯಿ ಬಿಡುತ್ತಿರಲಿಲ್ಲ. ಅದೂ ಒಂದು ಸಂಸಾರ.
ಭಾನುವಾರ ಅವಳೇ ತಟ್ಟೆಯಲ್ಲಿ ತಂದಿಟ್ಟಳು.
ಇಟ್ಟ ಕೈ ಸ್ವಲ್ಪ ಹೊತ್ತು ತಟ್ಟೆ ಬಿಡಲಿಲ್ಲ.

ಅರ್ಧಕ್ಕೇ ಸಾಕಾಯಿತು ಅಂದರೆ ಕತೆ ಚೆಂದ.
ಇಲ್ಲ, ಪೂರ್ತಿ ತಿಂದೆ.
ತಟ್ಟೆಗೆ ಉದುರಿದ ಸಕ್ಕರೆ ಹರಳನ್ನೂ
ಆ ತೂತುಬಿದ್ದ ಬೆರಳಿಂದಲೇ ಒತ್ತಿ ತೆಗೆದು.

ಎರಡು ಗಂಟೆಯ ಮೇಲೆ, ಹನ್ನೊಂದು ಪಾಯಿಂಟ್ ಎಂಟು.
ಅಪ್ಪ ಬಂದು ಬಾಗಿಲಲ್ಲಿ ನಿಂತ.
ಕೂತುಕೋ, ಕಾಫಿ ಇದೆ, ಅಂದೆ.
ಕೂರಲಿಲ್ಲ. ಹೋಗಲೂ ಇಲ್ಲ.
ಅವನ ಎದುರಿಗೇ ಬರೆದೆ: ೧೧.೮.
ಕೈಗೆ ಸಿಕ್ಕ ಪೆನ್ನಿನಿಂದ.

ಸೋಮವಾರ ಮೊದಲ ಟ್ರಿಪ್ಪಿಗೆ
ಹಾಲಿನ ಲಾರಿ, ಎರಡು ಸೈಕಲ್ಲು, ನಿದ್ದೆಗಣ್ಣಿನ ಒಬ್ಬ ಹುಡುಗ.
ಹಗ್ಗಕ್ಕೆ ಗ್ರೀಸ್ ಹಚ್ಚುವ ಕೆಲಸ ಬಾಕಿ ಇದೆ, ಈ ವಾರವೇ ಆಗಬೇಕು.
ಗುರುವಾರ ಮಾತ್ರ ಆಗುವುದಿಲ್ಲ
ಅಂತ ಆಫೀಸಿಗೆ ಹೇಳಿದ್ದೇನೆ.
ಯಾಕೆ ಅಂತ ಅವರು ಕೇಳಿದರೆ, ಅದನ್ನೂ ಹೇಳುತ್ತೇನೇನೋ.